ತಪ್ಪು ಹೆಸರಿನ ಅಕ್ಷರ: ಕಂಪ್ಯೂಟರಿನಲ್ಲಿ ೞಕಾರ

(ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಹಿಡಿದು ಮಾತನಾಡುವುದು ನಮ್ಮಲ್ಲಿ ವಾಡಿಕೆ. ನಾನು ಇಂದು ಒಂದೇ ಒಂದು ಅಕ್ಷರವನ್ನು ಹಿಡಿದಿದ್ದೇನೆ. ಅದು ನಮ್ಮ ಇಂದಿನ ವರ್ಣಮಾಲೆಯಲ್ಲಿಲ್ಲ. ಒಂದನೆಯ ತರಗತಿಯ ಮಗುವಿಗೆ ನಾವು ಅದನ್ನು ಕಲಿಸುವುದಿಲ್ಲ. ಆದರೆ ನಿಮ್ಮ ಜೇಬಿನಲ್ಲಿರುವ ಮೊಬೈಲು ಅದನ್ನು ಬಲ್ಲದು, ಅದಕ್ಕೆ ಒಂದು ಸಂಖ್ಯೆಯನ್ನೂ ಇಟ್ಟುಕೊಂಡಿದೆ. ಆ ಸಂಖ್ಯೆ 3294. ಅಕ್ಷರ, ೞ. ಹಳಗನ್ನಡದ ಅಧ್ಯಾಪಕರು ‘ರಳ’ ಎಂದು ಕರೆಯುವ ಅಕ್ಷರ.

ಈ ಅಕ್ಷರಕ್ಕೆ ಕಂಪ್ಯೂಟರ್ ಲೋಕದಲ್ಲಿ ಕೊಟ್ಟಿರುವ ಅಧಿಕೃತ ಹೆಸರು ತಪ್ಪು. ತಪ್ಪೆಂದು ಎಲ್ಲರೂ ಒಪ್ಪಿದ್ದಾರೆ, ಹೆಸರಿಟ್ಟವರೂ ಒಪ್ಪಿದ್ದಾರೆ. ಆದರೂ ತಿದ್ದಿಲ್ಲ, ತಿದ್ದುವುದೂ ಇಲ್ಲ. ಹಾಗೇಕೆ, ಅದರಿಂದ ಕನ್ನಡಕ್ಕೆ ನಷ್ಟವಿದೆಯೇ, ನಷ್ಟ ನಿಜವಾಗಿ ಆಗುತ್ತಿರುವುದು ಎಲ್ಲಿ ಎಂಬುದೇ ಈ ಉಪನ್ಯಾಸದ ವಿಷಯ.

1. ಅಕ್ಷರ ಅಂಕಿಯಾಗುವ ಬಗೆ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಅಂಕಿ ಮಾತ್ರ. ಈ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲಿ ರೇಷ್ಮೆ ಸೀರೆಯ ಸೆರಗಿನಲ್ಲಿ ನವಿಲು ಮೂಡಬೇಕಾದರೆ ಮಗ್ಗದ ಜಕಾರ್ಡಿಗೆ ನವಿಲಿನ ಚಿತ್ರವನ್ನು ಕೊಡುವುದಿಲ್ಲ, ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಕೊಡುತ್ತೀರಿ. ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ನವಿಲು ಮೂಡುವುದು ಬಟ್ಟೆಯ ಮೇಲೆ, ರಟ್ಟಿನಲ್ಲಿರುವುದು ಇದೆ–ಇಲ್ಲಗಳ ಸಾಲು. ಅಕ್ಷರದ ಕಥೆಯೂ ಇಷ್ಟೇ. ಪರದೆಯ ಮೇಲೆ ಕಾಣುವ ರೂಪವನ್ನು ಬರೆಯುವುದು ಫಾಂಟು. ಕಡತದಲ್ಲಿ ಉಳಿಯುವುದು ಸಂಖ್ಯೆ. ಒಂದು ಅಕ್ಷರಕ್ಕೆ ಇಂಥ ಸಂಖ್ಯೆ ಎಂದು ಜಗತ್ತೆಲ್ಲ ಒಪ್ಪಿಕೊಳ್ಳುವುದನ್ನೇ ಸಂಕೇತೀಕರಣ ಎನ್ನುತ್ತೇವೆ.

ಒಪ್ಪಿಗೆ ಇಲ್ಲದಿದ್ದಾಗ ಏನಾಗುತ್ತಿತ್ತು ಎಂಬುದು ಇಪ್ಪತ್ತು ವರ್ಷಗಳ ಹಿಂದೆ ಡಿಟಿಪಿ ಅಂಗಡಿಗೆ ಹೋಗಿ ಮದುವೆ ಕರೆಯೋಲೆ ಮಾಡಿಸಿದವರಿಗೆಲ್ಲ ನೆನಪಿರುತ್ತದೆ. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಂದು ಹಲವು ತಂತ್ರಾಂಶಗಳಿದ್ದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ಕೂರಿಸಿ ಅವು ಕೆಲಸ ಮಾಡುತ್ತಿದ್ದವು. ಒಂದು ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಂಡ ಕಡತ ಆ ಫಾಂಟು ಇಲ್ಲದ ಇನ್ನೊಂದರಲ್ಲಿ ರೋಮನ್ ಅಕ್ಷರಗಳ ಗೋಜಲಾಗುತ್ತಿತ್ತು. ಕನ್ನಡವನ್ನು ಕಂಪ್ಯೂಟರಿಗೆ ತಂದ ಆ ಕಾಲದ ಕೆಲಸ ದೊಡ್ಡದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಇಂದಿಗೂ ಲಕ್ಷಾಂತರ ಬೆರಳುಗಳು ಬಳಸುತ್ತಿವೆ. ಆದರೆ ಕಡತ ಊರಿಂದೂರಿಗೆ ಹೋಗಬೇಕಾದರೆ ಸಂಖ್ಯೆಯ ಒಪ್ಪಂದವೇ ಬೇಕಿತ್ತು.

ಆ ಒಪ್ಪಂದವೇ ಯೂನಿಕೋಡ್. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಾಗಿ ಒಂದು ಒಕ್ಕೂಟ ನೋಂದಣಿಯಾಯಿತು, ಮೊದಲ ಆವೃತ್ತಿಯೂ ಅದೇ ವರ್ಷ ಬಂತು. ಭಾರತೀಯ ಲಿಪಿಗಳಿಗೆ ಅದು ಆಧಾರವಾಗಿ ತೆಗೆದುಕೊಂಡದ್ದು ನಮ್ಮ ದೇಶದಲ್ಲೇ ಸಿದ್ಧವಾಗಿದ್ದ ‘ಇಸ್ಕಿ’ ಎಂಬ ಮಾನಕವನ್ನು, ಅದರ 1988ರ ರೂಪವನ್ನು. ಬ್ರಾಹ್ಮಿಯಿಂದ ಹುಟ್ಟಿದ ನಮ್ಮ ಲಿಪಿಗಳಿಗೆಲ್ಲ ವರ್ಣಮಾಲೆಯ ಕ್ರಮ ಒಂದೇ ಆದ್ದರಿಂದ ಒಂದೊಂದು ಲಿಪಿಗೂ 128 ಸ್ಥಾನಗಳ ಒಂದೊಂದು ಪಟ್ಟಿಯನ್ನು ಸಾಲಾಗಿ ಕೊಟ್ಟರು. ತಮಿಳಾದ ಮೇಲೆ ತೆಲುಗು, ತೆಲುಗಾದ ಮೇಲೆ ಕನ್ನಡ, ಕನ್ನಡವಾದ ಮೇಲೆ ಮಲಯಾಳಂ. ಕನ್ನಡದ ಪಟ್ಟಿ 3200ರಿಂದ 3327ರವರೆಗೆ. ಅದರಲ್ಲಿ ಅ 3205, ಕ 3221. ತೆಲುಗಿನ ಯಾವುದೇ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಅದೇ ಉಚ್ಚಾರಣೆಯ ಕನ್ನಡ ಅಕ್ಷರ ಸಿಗಬೇಕು ಎಂಬುದು ಆ ಏರ್ಪಾಡಿನ ಲೆಕ್ಕ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬದುಕುವ ಪಾವಗಡದ ಮಕ್ಕಳಿಗೆ ಈ ಲೆಕ್ಕ ಹೇಳಿಕೊಟ್ಟರೆ ಅವರೇ ಪಟ್ಟಿ ಬರೆದು ತೋರಿಸಬಲ್ಲರು.

2. ೞಕಾರದ ಹಿಂದುಮುಂದು

ಈ ಲೆಕ್ಕ ೞಕಾರದ ಬಳಿ ತಪ್ಪುತ್ತದೆ. ಅದನ್ನು ನೋಡುವ ಮೊದಲು ಈ ಅಕ್ಷರ ಯಾರು ಎಂದು ಸ್ವಲ್ಪ ತಿಳಿದುಕೊಳ್ಳೋಣ.

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ಒಡೆತನ ಮಾಡು, ‘ಆೞ್’ ಎಂದರೆ ಮುಳುಗು. ಇಂದು ನಾವು ಹೇಳುವ ‘ಆಳ’ ಎಂಬ ಮಾತು ಎರಡನೆಯದರ ಮಗು. ಶಕಟರೇಫ ಎನ್ನುವ ಱ ಕೂಡ ಹೀಗೆಯೇ: ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಕರೆ’ ಎಂದರೆ ಕೂಗು, ‘ಕಱೆ’ ಎಂದರೆ ಹಸುವಿನ ಹಾಲು ಹಿಂಡು. ಉಚ್ಚಾರಣೆಯಲ್ಲಿ ಈ ಭೇದಗಳು ಅಳಿಸಿಹೋದ ಮೇಲೆ ಬರಹದಲ್ಲೂ ಅಳಿಸಿದವು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಕುಳ, ಕ್ಷಳ, ರಳ ಎಂದು ಮೂರು ಬಗೆಯ ಳಕಾರಗಳನ್ನು ಬಿಡಿಸಿ ಹೇಳಬೇಕಾಯಿತು. ಜನರ ನಾಲಿಗೆಯಲ್ಲಿ ಸಲೀಸಾಗಿ ಉಳಿದಿದ್ದರೆ ವೈಯಾಕರಣನಿಗೆ ಆ ಶ್ರಮವೇ ಇರುತ್ತಿರಲಿಲ್ಲ. ಎರಡನೆಯ ಅಕ್ಷರದ ಪ್ರಾಸವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕಿದ್ದ ಕವಿಗೆ ಯಾವ ಪದದಲ್ಲಿ ಯಾವ ಳ ಎಂಬುದು ಗೊತ್ತಿರಲೇಬೇಕಿತ್ತು.

ತಮಿಳಿನಲ್ಲೂ ಮಲಯಾಳದಲ್ಲೂ ಈ ಅಕ್ಷರ ಇಂದಿಗೂ ಜೀವಂತ. ತಮಿಳರ ಭಾಷೆಯ ಹೆಸರಿನ ಕೊನೆಯಲ್ಲಿರುವುದು ಇದೇ ಅಕ್ಷರ. ತೆಲುಗಿನಲ್ಲಿ ಅದು ಪದದ ನಡುವೆ, ಕೊನೆಯಲ್ಲಿ ಡಕಾರವಾಗಿ ಉಳಿದಿದೆ. ಇದನ್ನು ಕಂಡುಕೊಳ್ಳಲು ವೈ.ಎನ್. ಹೊಸಕೋಟೆಯವರು ಗ್ರಂಥಾಲಯಕ್ಕೆ ಹೋಗಬೇಕಿಲ್ಲ, ಸಂತೆಗೆ ಹೋದರೆ ಸಾಕು. ಕನ್ನಡದ ‘ಏಳು’ ತೆಲುಗಿನಲ್ಲಿ ‘ಏಡು’, ‘ಕೋಳಿ’ ತೆಲುಗಿನಲ್ಲಿ ‘ಕೋಡಿ’. ಆದರೆ ‘ಮುಳ್ಳು’ ತೆಲುಗಿನಲ್ಲಿ ‘ಮುಲ್ಲು’, ‘ಕಳ್ಳು’ ‘ಕಲ್ಲು’. ಏಳು, ಕೋಳಿಗಳಲ್ಲಿ ಹಿಂದೆ ಇದ್ದದ್ದು ೞ. ಮುಳ್ಳು, ಕಳ್ಳುಗಳಲ್ಲಿ ಇದ್ದದ್ದು ಬರೀ ಳ. ಎರಡು ಭಾಷೆಯ ನಾಲಿಗೆ ಇರುವವರಿಗೆ ಕೇಶಿರಾಜನ ವ್ಯತ್ಯಾಸ ಹೀಗೆ ಕಿವಿಯಲ್ಲೇ ಸಿಗುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ತಾಲ್ಲೂಕಿನ ನಿಡುಗಲ್ಲಿಗೆ ಬನ್ನಿ. ಅಲ್ಲಿಂದ ಆಳಿದವರನ್ನು ನಾವು ನಿಡುಗಲ್ಲಿನ ಚೋಳರು ಎನ್ನುತ್ತೇವೆ. ತೆಲುಗಿನವರು ಚೋಡರು ಎನ್ನುತ್ತಾರೆ. ತಮಿಳಿನಲ್ಲಿ ಅದು ಚೋೞ. ಒಂದೇ ವಂಶನಾಮದ ಮೂರು ರೂಪಗಳ ನಡುವಿನ ಕೊಂಡಿ ಈ ಒಂದು ಅಕ್ಷರ. ಅದು ಗೊತ್ತಿಲ್ಲದಿದ್ದರೆ ಚೋಳ ಬೇರೆ, ಚೋಡ ಬೇರೆ ಎಂದು ವಾದ ಮಾಡುತ್ತ ಕೂರಬೇಕಾಗುತ್ತದೆ. ವರ್ಣಮಾಲೆಯಿಂದ ಬಿಟ್ಟುಹೋದ ಅಕ್ಷರ ಕಂಪ್ಯೂಟರಿಗೆ ಯಾಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರ. ಪಂಪನ ಕಾವ್ಯವನ್ನು, ಶಾಸನದ ಸಾಲನ್ನು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟೆಲ್ಲರ ನಿಘಂಟನ್ನು ಇದ್ದ ಹಾಗೆ ಉಳಿಸಬೇಕಾದರೆ ೞ, ಱ ಎರಡೂ ಬೇಕು.

3. ಹೆಸರೂ ತಪ್ಪು, ಸ್ಥಾನವೂ ತಪ್ಪು

ಈಗ ಲೆಕ್ಕಕ್ಕೆ ಬರೋಣ. ಯೂನಿಕೋಡಿನಲ್ಲಿ ತಮಿಳಿನ ೞಕಾರ 2996. ಮಲಯಾಳದ್ದು 3380. ನಡುವೆ 384, ಅಂದರೆ ಮೂರು ಸಲ 128. ಆದ್ದರಿಂದ ತೆಲುಗಿನದು 3124, ಕನ್ನಡದ್ದು 3252 ಆಗಿರಬೇಕು. ತೆಲುಗಿನ ೞಕಾರಕ್ಕೆ ಮೊದಲು ಸಂಖ್ಯೆಯೇ ಇರಲಿಲ್ಲ. 2014ರಲ್ಲಿ 7ನೆಯ ಆವೃತ್ತಿ ಬಂದಾಗ ಅದನ್ನು ಸೇರಿಸಿದರು, ಸರಿಯಾಗಿ 3124ರಲ್ಲೇ. ಕನ್ನಡದ 3251ರಲ್ಲಿ ಳ ಇದೆ, 3253ರಲ್ಲಿ ವ ಇದೆ. ನಡುವಿನ 3252 ಇವತ್ತಿಗೂ ಖಾಲಿ.

ಹಾಗಾದರೆ ನಮ್ಮ ೞ ಎಲ್ಲಿದೆ? 42 ಸ್ಥಾನ ದಾಟಿ, 3294ರಲ್ಲಿ. ದೇವನಾಗರಿಯ ಪಟ್ಟಿಯಲ್ಲಿ ಇದಕ್ಕೆ ಹೊಂದುವ ಸ್ಥಾನ 2398. ಅಲ್ಲಿರುವುದು ಪಾರಸಿ, ಉರ್ದು ಪದಗಳಿಗೆ ಬೇಕಾದ, ಫಕಾರದ ಕೆಳಗೆ ಚುಕ್ಕಿ ಇಟ್ಟು ಬರೆಯುವ ‘ಫ಼’. ನಮ್ಮ ಪಟ್ಟಿಯಲ್ಲೂ ಆ ಸ್ಥಾನಕ್ಕೆ ‘ಕನ್ನಡ ಲೆಟರ್ ಎಫ್‌ಎ’ ಎಂದು ಹೆಸರು ಬಿತ್ತು. ರೂಪ ೞಕಾರದ್ದು, ಹೆಸರು ಫಕಾರದ್ದು! ಫ಼ಕಾರಕ್ಕೂ ೞಕಾರಕ್ಕೂ ಉಚ್ಚಾರಣೆಯಲ್ಲಾಗಲಿ ಚರಿತ್ರೆಯಲ್ಲಾಗಲಿ ಯಾವ ಸಂಬಂಧವೂ ಇಲ್ಲ. ಒಂದು ತುಟಿಯಲ್ಲಿ ಹುಟ್ಟುವುದು, ಇನ್ನೊಂದು ನಾಲಿಗೆ ಮಡಿಸಿದಾಗ ಹುಟ್ಟುವುದು. ಕನ್ನಡ ಬಲ್ಲ ಒಬ್ಬರು ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದ್ದರೆ ಇದು ನಿಂತುಹೋಗುತ್ತಿತ್ತು.

ತಪ್ಪು ಕಂಡಮೇಲೂ ತಿದ್ದಲಿಲ್ಲವೇಕೆ ಎಂದರೆ, ಯೂನಿಕೋಡಿಗೆ ಒಂದು ಕಠಿಣ ನಿಯಮವಿದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವಂತಿಲ್ಲ, ಅಕ್ಷರವನ್ನು ತೆಗೆದುಹಾಕುವಂತಿಲ್ಲ, ಹೆಸರನ್ನೂ ತಿದ್ದುವಂತಿಲ್ಲ. 1996ರ 2ನೆಯ ಆವೃತ್ತಿಯಿಂದ ಇದು ಜಾರಿಯಲ್ಲಿದೆ. ಸಂಖ್ಯೆಯ ವಿಷಯದಲ್ಲಿ ಈ ಹಟ ಸರಿಯೇ. ಇವತ್ತು 3294 ಎಂದು ಉಳಿಸಿದ ಕಡತವನ್ನು ಐವತ್ತು ವರ್ಷದ ಮೇಲೆ ತೆರೆದಾಗ ಅಲ್ಲಿ ಬೇರೆ ಅಕ್ಷರ ಕಂಡರೆ ಇಡೀ ಏರ್ಪಾಡೇ ಮುರಿದುಬೀಳುತ್ತದೆ. ಹೆಸರುಗಳನ್ನೂ ಅನೇಕ ತಂತ್ರಾಂಶಗಳು ಗುರುತಿನಂತೆ ಬಳಸುವುದರಿಂದ ಅವನ್ನೂ ಹಾಗೆಯೇ ಮುಟ್ಟದೆ ಬಿಟ್ಟರು. ಪರಿಹಾರವಾಗಿ ಅಧಿಕೃತವಾದ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ತಮಿಳು, ಮಲಯಾಳಗಳ ೞಕಾರಕ್ಕೆ ಇರುವಂತೆ ಮೂರು ‘ಎಲ್’, ಒಂದು ‘ಎ’ ಸೇರಿದ ಹೆಸರು ಅದು. ಹಳೆಯ ಹೆಸರು ತಪ್ಪಾಗಿ ಬಂದದ್ದು ಎಂಬ ಟಿಪ್ಪಣಿಯೂ ಪಟ್ಟಿಯಲ್ಲಿದೆ.

ಇಂಥ ತಪ್ಪು ಕನ್ನಡಕ್ಕೆ ಮಾತ್ರ ಆದದ್ದಲ್ಲ. ಒಂದು ಆವರಣ ಚಿಹ್ನೆಯ ಇಂಗ್ಲಿಷ್ ಹೆಸರಿನಲ್ಲಿ ‘ಸಿ’, ‘ಕೆ’ ಅಕ್ಷರಗಳು ಅದಲುಬದಲಾಗಿವೆ. ಅದೂ ಹಾಗೆಯೇ ಉಳಿದಿದೆ. ಲಾವೋ ಲಿಪಿಯ ಒಂದು ಜೊತೆ ಅಕ್ಷರಗಳಿಗೆ ಒಂದರ ಹೆಸರು ಇನ್ನೊಂದಕ್ಕೆ ಬಿದ್ದಿದೆ. ಇಂಗ್ಲಿಷಿಗೇ ರಿಯಾಯಿತಿ ಸಿಗದ ಕಡೆ ನಮಗೆ ಅನ್ಯಾಯವಾಯಿತು ಎಂದು ದೂರುವುದರಲ್ಲಿ ಅರ್ಥವಿಲ್ಲ.

ಇದರಿಂದ ಬಳಕೆಗೆ ತೊಂದರೆ ಇದೆಯೇ? ಇಲ್ಲ. ಅಕಾರಾದಿ ಜೋಡಿಸುವಾಗ ಕೆಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಂಖ್ಯೆಯ ಕ್ರಮವನ್ನೇ ನಂಬಿದರೆ ಳ ಕೂಡ ವಕಾರಕ್ಕಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಹಾಗಾಗಿ ಅಕಾರಾದಿಗೆ ಬೇರೆಯೇ ಕೋಷ್ಟಕವಿದೆ, ಸಂಖ್ಯೆಯ ಹಿಂದುಮುಂದು ಅಲ್ಲಿ ಲೆಕ್ಕಕ್ಕಿಲ್ಲ. ಹೆಸರಂತೂ ಓದುಗನ ಕಣ್ಣಿಗೆ ಬೀಳುವುದೇ ಇಲ್ಲ. ಆ ಇಂಗ್ಲಿಷ್ ಹೆಸರು ಏನೇ ಇರಲಿ, ನಮ್ಮ ಪಠ್ಯಪುಸ್ತಕದಲ್ಲಿ ರಳ ಎಂದು ಕರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

4. ಜಾರ್ಜಿಯಾದವರು ಮಾಡಿದ್ದು

ನಮ್ಮಂತೆಯೇ ಅಕ್ಷರ ಬಿಟ್ಟವರು ಬೇರೆ ಕಡೆಯೂ ಇದ್ದಾರೆ. ಕಪ್ಪು ಸಮುದ್ರದ ದಂಡೆಯ ಜಾರ್ಜಿಯಾ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಬಹಳ ಕಡಿಮೆ. ಆದರೆ ಅವರಿಗೆ ತಮ್ಮದೇ ಲಿಪಿಯಿದೆ, ಅದಕ್ಕೆ ಮೂರು ರೂಪಗಳಿವೆ. ಆ ಮೂರು ರೂಪಗಳ ಜೀವಂತ ಪರಂಪರೆಯನ್ನು 2016ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. 1879ರಲ್ಲಿ ಅಲ್ಲಿ ಸಾಕ್ಷರತೆಗಾಗಿ ಒಂದು ಸಂಘ ಹುಟ್ಟಿತು. ಲೇಖಕ ಇಲಿಯಾ ಚವ್ಚವಾಡ್ಜೆ ಅದರ ಮುಂದಾಳುಗಳಲ್ಲಿ ಒಬ್ಬ. ಉಚ್ಚಾರಣೆಯಲ್ಲಿ ಇಲ್ಲದ ಐದು ಅಕ್ಷರಗಳನ್ನು ಆ ಬಳಗ ಬಿಟ್ಟುಕೊಟ್ಟಿತು. ಉಳಿದ 33 ಅಕ್ಷರಗಳಲ್ಲೇ ಇಂದಿನ ಜಾರ್ಜಿಯನ್ ಬರಹ ನಡೆಯುತ್ತಿದೆ.

ಯೂನಿಕೋಡಿನಲ್ಲಿ ಆ 33 ಅಕ್ಷರಗಳು 4304ರಿಂದ 4336ರವರೆಗೆ ಇವೆ. ಬಿಟ್ಟ ಐದೂ ಅದಕ್ಕೆ ಅಂಟಿಕೊಂಡೇ 4337ರಿಂದ 4341ರವರೆಗೆ ಇವೆ. ದಿನಬಳಕೆಯಿಂದ ಬಿಟ್ಟದ್ದನ್ನು ದಾಖಲೆಯಿಂದ ಬಿಡಲಿಲ್ಲ. ಹಳೆಯ ಧರ್ಮಗ್ರಂಥಗಳಿಗೆ ಅವು ಬೇಕು, ಸ್ವಾನ್‌ನಂಥ ಸೋದರ ಭಾಷೆಗಳನ್ನು ಬರೆಯುವವರಿಗೂ ಅವುಗಳಲ್ಲಿ ಕೆಲವು ಬೇಕು. ಮಿಂಗ್ರೇಲಿಯನ್ ಭಾಷೆಗೆ ಬೇಕಾದ ಇನ್ನೆರಡು ಅಕ್ಷರಗಳಿಗೂ 4343, 4344ರಲ್ಲಿ ಜಾಗ ಸಿಕ್ಕಿದೆ.

ಅವರಿಗೆ ಇನ್ನೊಂದು ಕೊರತೆ ಇತ್ತು. ತಲೆಬರಹಗಳಿಗೆ, ಫಲಕಗಳಿಗೆ ಅವರು ‘ಮ್ತವರುಲಿ’ ಎಂಬ ಎತ್ತರದ ಅಕ್ಷರಗಳನ್ನು ಬಳಸುತ್ತಾರೆ. ಬಹುಕಾಲ ಅವಕ್ಕೆ ಬೇರೆ ಸಂಖ್ಯೆಗಳಿರಲಿಲ್ಲ, ಫಾಂಟು ಬದಲಿಸಿ ಕೆಲಸ ಸಾಗಿಸುತ್ತಿದ್ದರು. ಬಳಕೆಯ ಪುರಾವೆಗಳನ್ನು ಮುಂದಿಟ್ಟು ವಾದಿಸಿದ ಮೇಲೆ 2018ರ ಜೂನ್‌ನಲ್ಲಿ ಬಂದ 11ನೆಯ ಆವೃತ್ತಿಯಲ್ಲಿ 46 ಅಕ್ಷರಗಳು ಸೇರಿದವು. ಅದೇ ಆವೃತ್ತಿಯಲ್ಲಿ ಕನ್ನಡಕ್ಕೂ ಒಂದು ಬಂತು. ಶಾಸನಗಳ ಮೊದಲಲ್ಲಿ ಕಾಣುವ ಸಿದ್ಧಂ ಚಿಹ್ನೆ. ಅದರ ಸಂಖ್ಯೆ 3204, ಅಕಾರಕ್ಕೆ ಒಂದು ಮೊದಲು. ಬರಹದಲ್ಲಿ ಎಲ್ಲಿತ್ತೋ ಪಟ್ಟಿಯಲ್ಲೂ ಅಲ್ಲೇ ಕೂತಿದೆ. ಬಲ್ಲವರು ಕೈಹಾಕಿದ ಕೆಲಸ ಹೀಗಿರುತ್ತದೆ.

5. ಪುರಾವೆ ಕೊಡುವವರು ಯಾರು

ಹೊಸ ಅಕ್ಷರ ಸೇರಬೇಕಾದರೆ ಅಭಿಮಾನದ ಭಾಷಣ ಸಾಲದು. ಒಂದು ಪ್ರಸ್ತಾವ ಬರೆಯಬೇಕು. ಅದರಲ್ಲಿ ಅಕ್ಷರದ ಬಳಕೆ ತೋರಿಸುವ ಶಾಸನದ ಪಡಿಯಚ್ಚು, ಓಲೆಯ ಚಿತ್ರ ಅಥವಾ ಮುದ್ರಿತ ಪುಟ ಇರಬೇಕು. ಇನ್ನೊಂದು ಅಕ್ಷರದ ಬರೀ ರೂಪಭೇದವಲ್ಲ, ಬೇರೆಯೇ ಅಕ್ಷರ ಎಂದು ಸಾಧಿಸಬೇಕು. ಅದು ಒತ್ತಕ್ಷರವಾಗುತ್ತದೆಯೇ, ಅದಕ್ಕೆ ಕಾಗುಣಿತ ಇದೆಯೇ, ಅಕಾರಾದಿಯಲ್ಲಿ ಎಲ್ಲಿ ಬರಬೇಕು ಎಂದು ಹೇಳಬೇಕು. ಲಿಪಿತಜ್ಞರ ಸಮಿತಿ ಅದನ್ನು ಕೆದಕಿ ಪ್ರಶ್ನೆ ಹಾಕುತ್ತದೆ. ತಾಂತ್ರಿಕ ಸಮಿತಿ ಒಪ್ಪಬೇಕು, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲೂ ಅದು ಸೇರಬೇಕು. ವರ್ಷಗಳು ಹಿಡಿಯುತ್ತವೆ. 2024ರ 16ನೆಯ ಆವೃತ್ತಿಯ ವೇಳೆಗೆ ಒಟ್ಟು 1,54,998 ಅಕ್ಷರ, ಚಿಹ್ನೆಗಳು ಸೇರಿದ್ದವು. ಅದೇ ಆವೃತ್ತಿಯಲ್ಲಿ ತುಳು–ತಿಗಳಾರಿ ಲಿಪಿಗೆ 80 ಸ್ಥಾನಗಳು ದೊರೆತವು. ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅದರ ಪ್ರಸ್ತಾವ ಬರೆದವರು.

ಕನ್ನಡದ ಪಟ್ಟಿಯೂ ನಿಂತಿಲ್ಲ. 2021ರ 14ನೆಯ ಆವೃತ್ತಿಯಲ್ಲಿ ನಕಾರಪೊಲ್ಲು ಸೇರಿತು. ಸ್ವರವಿಲ್ಲದ ನಕಾರಕ್ಕೆ ಹಿಂದೆ ಇದ್ದ ಪ್ರತ್ಯೇಕ ರೂಪ ಅದು. ತೆಲುಗಿನಲ್ಲೂ ಅದೇ ರೂಪ ಬಳಕೆಯಲ್ಲಿತ್ತು. ಆದ್ದರಿಂದ ತೆಲುಗಿಗೂ ಕನ್ನಡಕ್ಕೂ ಒಂದೇ ಆವೃತ್ತಿಯಲ್ಲಿ, ಹೊಂದುವ ಸ್ಥಾನಗಳಲ್ಲೇ ಸೇರಿಸಿದರು: 3165, 3293. 2022ರಲ್ಲಿ ಹವ್ಯಕ ಕನ್ನಡ, ಕೊಂಕಣಿಗಳ ಅನುನಾಸಿಕ ಉಚ್ಚಾರಣೆಗೆ ಬೇಕಾದ, ಮೇಲೆ ಬಲಕ್ಕೆ ಬರುವ ಬಿಂದು ಬಂತು. 2025ರ 17ನೆಯ ಆವೃತ್ತಿಯಲ್ಲಿ ಶ್ರೀಕಾರದ ಪ್ರಾಚೀನ ರೂಪ 3292ರಲ್ಲಿ ಸೇರಿತು. ಈಗ 3292, 3293, 3294ರಲ್ಲಿ ಹಳೆಯ ಶ್ರೀ, ನಕಾರಪೊಲ್ಲು, ೞಕಾರ ಮೂರೂ ಅಕ್ಕಪಕ್ಕ ಇವೆ. ತಪ್ಪು ಸ್ಥಾನಕ್ಕೆ ಬಿದ್ದ ಅಕ್ಷರಕ್ಕೆ ಕೊನೆಗೂ ವಾರಿಗೆಯವರು ಸಿಕ್ಕಿದ್ದಾರೆ.

ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕಾದ ಸಂಗತಿ ಒಂದಿದೆ. ಕನ್ನಡ ಮತ್ತು ನೆರೆಯ ಲಿಪಿಗಳ ಹಳೆಯ ಚಿಹ್ನೆಗಳ ಬಗ್ಗೆ ಒಕ್ಕೂಟಕ್ಕೆ ಹೋಗಿರುವ ಪ್ರಸ್ತಾವಗಳಲ್ಲಿ ಹಲವು ತುಮಕೂರಿನ ವಿಳಾಸದಿಂದಲೇ ಹೋಗಿವೆ. ಅಂದರೆ ಈ ಕೆಲಸಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ. ಓದಲು ಬರಬೇಕು, ಪುರಾವೆ ಕೈಯಲ್ಲಿರಬೇಕು.

ಪುರಾವೆಗೆ ಈ ಸೀಮೆಯಲ್ಲಿ ಬರವಿಲ್ಲ. ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳಿವೆ. ಅವನ್ನು ಬರೆದ ಚಪಡ ಎಂಬ ಲಿಪಿಕಾರ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಒಂದು ಬಂಡೆಯ ಬರಹವನ್ನು ಕಂಪ್ಯೂಟರಿಗೆ ತರಬೇಕಾದರೆ ಯೂನಿಕೋಡಿನ ಎರಡು ಪಟ್ಟಿಗಳು ಬೇಕು. ಖರೋಷ್ಠಿ 2005ರಲ್ಲಿ ಸೇರಿತು, ಬ್ರಾಹ್ಮಿ 2010ರಲ್ಲಿ. ಗಡಿಯಾಚೆ ಮಡಕಶಿರಾ ಕಡೆಯ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿ ಆಂಧ್ರದ ನೆಲದಲ್ಲಿ ಕನ್ನಡ ಶಾಸನಗಳಿವೆ. ಸಿರಾದಲ್ಲಿ ಪಾರಸಿ ಬರಹಗಳಿವೆ. ಇಡೀ ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಅಂಥ ಕೆಲಸ ನಮ್ಮ ಕಲ್ಲುಗಳಿಗೂ ಆಗಬೇಕು.

6. ನಷ್ಟ ಆಗುತ್ತಿರುವುದು ಎಲ್ಲಿ

ಹೆಸರು ತಪ್ಪಾದದ್ದರಿಂದ ನಷ್ಟವಿಲ್ಲ ಎಂದೆ. ನಷ್ಟವಾಗುತ್ತಿರುವುದು ನಮ್ಮ ಕೈಯಲ್ಲಿ. ಹಳಗನ್ನಡದ ಪದ್ಯವನ್ನು ಟೈಪು ಮಾಡುವವರು ಕೀಲಿ ಸಿಗಲಿಲ್ಲವೆಂದು ೞ ಇದ್ದಲ್ಲಿ ಳ, ಱ ಇದ್ದಲ್ಲಿ ರ ಹಾಕಿ ಮುಂದೆ ಹೋಗುತ್ತಾರೆ. ಆ ಪಠ್ಯ ಅಂತರ್ಜಾಲಕ್ಕೆ ಏರುತ್ತದೆ, ಹತ್ತು ಕಡೆ ನಕಲಾಗುತ್ತದೆ. ಮುಂದೆ ‘ಬಾೞ್’ ಎಂದು ಹುಡುಕಿದವನಿಗೆ ಅದು ಸಿಗುವುದಿಲ್ಲ. ‘ಬಾಳ್’ ಎಂದು ಹುಡುಕಿದರೆ ಕತ್ತಿ, ಬದುಕು ಎರಡೂ ಕಲಸಿ ಬರುತ್ತವೆ. ಕಂಪ್ಯೂಟರಿಗೆ ಕನ್ನಡ ಕಲಿಸಲು ಇಂಥ ಪಠ್ಯಗಳನ್ನೇ ಉಣಿಸುತ್ತಿರುವ ಈ ಕಾಲದಲ್ಲಿ, ನಾವು ಒಮ್ಮೆ ಕಲಸಿದ್ದನ್ನು ಯಂತ್ರ ಸಾವಿರ ಸಲ ಕಲಸಿ ಕೊಡುತ್ತದೆ.

ದಿನಬಳಕೆಯ ಕನ್ನಡದಲ್ಲೂ ಇದೇ ಅಸಡ್ಡೆ ಇದೆ. ಕನ್ನಡ ಅಂಕಿಯ ಸೊನ್ನೆ 3302, ಅನುಸ್ವಾರ 3202. ಕಣ್ಣಿಗೆ ಎರಡೂ ಒಂದೇ. ಒಂದರ ಬದಲು ಇನ್ನೊಂದನ್ನು ಒತ್ತಿದರೆ ಮುದ್ರಣದಲ್ಲಿ ಗೊತ್ತಾಗುವುದಿಲ್ಲ. ಆದರೆ ಪಹಣಿಯಲ್ಲೋ ಮತದಾರರ ಪಟ್ಟಿಯಲ್ಲೋ ಹುಡುಕಿದಾಗ ಹೆಸರು ಸಿಗುವುದಿಲ್ಲ. ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರಕ್ಕೆ ಯಒತ್ತು ಕಾಣಬೇಕಾದರೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ರಕಾರದ ನಂತರ ಇಡಬೇಕು. ಇಡದಿದ್ದರೆ ಅರ್ಕಾವತ್ತಾಗುತ್ತದೆ. ಕಾಣುವ ರೂಪ ಮಾತ್ರ ನೋಡಿ, ಒಳಗಿನ ಸಂಖ್ಯೆಯನ್ನು ಮರೆತರೆ ಆಗುವ ಎಡವಟ್ಟುಗಳಿವು.

ಇಲ್ಲಿರುವ ಶಿಕ್ಷಕರಲ್ಲಿ ನಾನು ಕೇಳಿಕೊಳ್ಳುವುದು ಕೆಲವೇ ಮಾತು. ಹಳಗನ್ನಡದ ಪಾಠ ಮಾಡುವಾಗ ೞ, ಱ ಎರಡನ್ನೂ ಹಲಗೆಯ ಮೇಲೆ ಬರೆಯಿರಿ. ಏಳು–ಏಡು, ಕೋಳಿ–ಕೋಡಿ ಎಂಬ ಜೋಡಿಗಳನ್ನು ಮಕ್ಕಳಿಂದಲೇ ಹೇಳಿಸಿ. ಎರಡು ಭಾಷೆ ಬರುವುದು ನಮ್ಮ ಮಕ್ಕಳ ಕೊರತೆಯಲ್ಲ, ಭಾಷಾಶಾಸ್ತ್ರದ ಪಾಠಕ್ಕೆ ಅವರು ಅರ್ಧ ಸಿದ್ಧರಾಗಿಯೇ ಬಂದಿರುತ್ತಾರೆ. ಹಳೆಯ ಪಠ್ಯಗಳನ್ನು ಯೂನಿಕೋಡಿನಲ್ಲೇ ಟೈಪು ಮಾಡಿ, ಮೂಲದಲ್ಲಿರುವ ಅಕ್ಷರವನ್ನೇ ಹಾಕಿ. ಕೀಲಿ ಸಿಗದಿದ್ದರೆ ಇನ್ನೊಂದು ಕಡತದಿಂದ ನಕಲು ಮಾಡಿ ಅಂಟಿಸಿದರೂ ಸಂಖ್ಯೆ ಸರಿಯಾಗಿಯೇ ಬರುತ್ತದೆ. ನಿಮ್ಮ ಊರಿನ ಹೊಲದ ಬದಿಯಲ್ಲಿ, ಗುಡಿಯ ಹಿಂದೆ ಶಾಸನದ ಕಲ್ಲಿದ್ದರೆ ಅದಕ್ಕೆ ಸುಣ್ಣ, ಎಣ್ಣೆ, ಬಣ್ಣ ಬಳಿಯಲು ಬಿಡಬೇಡಿ. ಓರೆ ಬೆಳಕಿನಲ್ಲಿ ಚಿತ್ರ ತೆಗೆದು, ಇರುವ ಜಾಗ ಬರೆದಿಟ್ಟು, ಪುರಾತತ್ವ ಇಲಾಖೆಗೆ ತಿಳಿಸಿ. ಅಲ್ಲಿ ಪಟ್ಟಿಯಲ್ಲಿಲ್ಲದ ಚಿಹ್ನೆಯೊಂದು ಕಂಡರೆ ಬಿಡಬೇಡಿ, ಬಲ್ಲವರಿಗೆ ತೋರಿಸಿ.

ಕನ್ನಡದ ಪಟ್ಟಿಯಲ್ಲಿ ಇನ್ನೂ ಖಾಲಿ ಸ್ಥಾನಗಳಿವೆ. ಒಮ್ಮೆ ತುಂಬಿದ ಸ್ಥಾನವನ್ನು ತಿದ್ದಲಾಗುವುದಿಲ್ಲ ಎಂಬುದನ್ನು ೞಕಾರ ನಮಗೆ ತೋರಿಸಿದೆ. ಆದ್ದರಿಂದ ಮುಂದೆ ಸೇರುವ ಅಕ್ಷರಕ್ಕೆ ಹೆಸರಿಡುವ ಹೊತ್ತಿನಲ್ಲಿ ಕನ್ನಡ ಬಲ್ಲವರು ಅಲ್ಲಿರಬೇಕು. ಅವರು ಪಾವಗಡದ ಶಾಲೆಗಳಿಂದ ಬರಲಿ.